ಗಂಟಲಿನ ಕ್ಯಾನ್ಸರ್ ಗುಣವಾದ ಮೇಲೆ ಎಷ್ಟು ಸ್ಕ್ಯಾನ್ ಬೇಕು?

ಕಳೆದ ಮಳೆಗಾಲದಲ್ಲಿ ಕೊಳೆರೋಗ ತಗಲಿದ ತೋಟಕ್ಕೆ ನಾವು ಹೆಚ್ಚು ಸಲ ಹೋಗಿ ನೋಡುತ್ತೇವೆ. ಉಳಿದದ್ದಕ್ಕೆ ಅಷ್ಟು ಬೇಕಾಗದು. ಗಂಟಲಿನ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿದವರ ತಪಾಸಣೆಯೂ ಹಾಗೆಯೇ. ಎಲ್ಲರಿಗೂ ಒಂದೇ ಅಳತೆಯಲ್ಲ.

ಕೆಲವರು ಹೆದರಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸಿ ಅಡಿಕೆ ಮಾರಿದ ಹಣವನ್ನೆಲ್ಲ ಅದಕ್ಕೇ ಸುರಿಯುತ್ತಾರೆ. ಕೆಲವರು 'ಗುಣವಾಯಿತಲ್ಲ' ಎಂದು ಆಸ್ಪತ್ರೆಯ ದಾರಿಯನ್ನೇ ಮರೆಯುತ್ತಾರೆ. ಎರಡೂ ತಪ್ಪು, ಎರಡನೆಯದು ಹೆಚ್ಚು ಅಪಾಯ.

ವಿಕಿರಣ ಚಿಕಿತ್ಸೆ, ಅಂದರೆ ಜನ 'ಕರೆಂಟು ಕೊಡುವುದು' ಎನ್ನುವ ಚಿಕಿತ್ಸೆ, ಮುಗಿದು ಸುಮಾರು 12 ವಾರಗಳ ಬಳಿಕ ಮಾಡುವ ಪೆಟ್-ಸಿಟಿ ಸ್ಕ್ಯಾನ್ ಮುಖ್ಯವಾದುದು. ಅವಸರ ಮಾಡಿದರೆ ಚಿಕಿತ್ಸೆಯ ಬಾವೇ ರೋಗದಂತೆ ಕಂಡೀತು. ಬ್ರಿಟನ್ನಿನಲ್ಲಿ 564 ರೋಗಿಗಳನ್ನು ಸೇರಿಸಿ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಈ ಸ್ಕ್ಯಾನ್ ನೋಡಿ ಮುಂದಿನದನ್ನು ನಿರ್ಧರಿಸಿದಾಗ ಹೆಚ್ಚಿನವರಿಗೆ ಕುತ್ತಿಗೆಯ ಶಸ್ತ್ರಕ್ರಿಯೆಯೇ ಬೇಕಾಗಲಿಲ್ಲ. ಬದುಕುಳಿದವರ ಪ್ರಮಾಣವೂ ತಗ್ಗಲಿಲ್ಲ.

ಅದರಲ್ಲಿ ಏನೂ ಕಾಣದೆ, ತೊಂದರೆಯೂ ಇಲ್ಲದಿದ್ದರೆ ಪದೇ ಪದೇ ಸ್ಕ್ಯಾನ್ ಮಾಡಿಸುವುದರಿಂದ ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೆ ಬಲವಾದ ಆಧಾರವಿಲ್ಲ. ಆದರೆ ಗಡ್ಡೆ ದೊಡ್ಡದಿದ್ದವರು, ಕುತ್ತಿಗೆಯ ಗ್ರಂಥಿಗಳಿಗೆ ರೋಗ ಬಹಳವಾಗಿ ಹರಡಿದ್ದವರು, ಬೀಡಿ-ಹೊಗೆಸೊಪ್ಪು ಬಿಡದವರು ಹೆಚ್ಚು ಅಪಾಯದವರು. ಇವರಿಗೆ ವೈದ್ಯರು ಇನ್ನಷ್ಟು ಸ್ಕ್ಯಾನ್ ಹೇಳಬಹುದು; ಬಹುಕಾಲ ಸೇದಿದವರಿಗೆ ಶ್ವಾಸಕೋಶದ್ದೂ ಬೇಕಾದೀತು. ಎಚ್.ಪಿ.ವಿ. ವೈರಸ್‌ನಿಂದ ಟಾನ್ಸಿಲ್ ಭಾಗಕ್ಕೆ ಬಂದ ಕ್ಯಾನ್ಸರ್, ಸೇದದವರಲ್ಲಿ, ಮರುಕಳಿಸುವುದು ಕಡಿಮೆ.

ಸ್ಕ್ಯಾನ್ ಕಡಿಮೆಯಾದರೂ ವೈದ್ಯರ ಭೇಟಿ ತಪ್ಪಬಾರದು. ರೋಗ ಮರುಕಳಿಸುವುದು ಹೆಚ್ಚಾಗಿ ಮೊದಲ 2-3 ವರ್ಷಗಳಲ್ಲಿ. ಆದ್ದರಿಂದ ಗಂಟಲು, ಕುತ್ತಿಗೆಗಳ ಪರೀಕ್ಷೆ ಹೀಗಿರಲಿ:

• ಮೊದಲ ವರ್ಷ: 1-3 ತಿಂಗಳಿಗೊಮ್ಮೆ
• ಎರಡನೆಯ ವರ್ಷ: 2-6 ತಿಂಗಳಿಗೊಮ್ಮೆ
• 3ರಿಂದ 5ನೆಯ ವರ್ಷ: 4-8 ತಿಂಗಳಿಗೊಮ್ಮೆ
• ಅನಂತರ: ವರ್ಷಕ್ಕೊಮ್ಮೆ

ಕುತ್ತಿಗೆಗೆ ವಿಕಿರಣ ಪಡೆದವರು 6-12 ತಿಂಗಳಿಗೊಮ್ಮೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಬೇಕು. ಹಲ್ಲು ಕೀಳಿಸುವ ಮೊದಲು ಕ್ಯಾನ್ಸರ್ ವೈದ್ಯರನ್ನು ಕೇಳಬೇಕು. ಸ್ವರ ಒಡೆಯುವುದು, ನುಂಗಲು ಕಷ್ಟ, ಕಿವಿನೋವು, ಕುತ್ತಿಗೆಯಲ್ಲಿ ಹೊಸ ಗಂಟು, ಕಫದಲ್ಲಿ ರಕ್ತ ಕಂಡರೆ ಮುಂದಿನ ತಾರೀಕಿಗೆ ಕಾಯಬೇಡಿ.

ಅಡಿಕೆ ಬೆಳೆದು ಬದುಕುವ ನಮಗೆ ಹೇಳಲು ಕಷ್ಟವಾದ ಮಾತೊಂದಿದೆ. ಹೊಗೆಸೊಪ್ಪು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಚಿಕಿತ್ಸೆ ಪಡೆದವರ ಮುಂದೆ ಎಲೆಅಡಿಕೆಯ ಹರಿವಾಣ ಇಡಬೇಡಿ.

ಮುಂದಿನ ಸಲ ವೈದ್ಯರನ್ನು ಹೀಗೆ ಕೇಳಿ: "ನನ್ನ ರೋಗ ಮರುಕಳಿಸುವ ಸಾಧ್ಯತೆ ಎಷ್ಟು? ನನಗೆ ಯಾವ ಪರೀಕ್ಷೆ, ಯಾವಾಗ?" ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡು ಜೋಪಾನವಾಗಿಡಿ.