ಬೆರಳಿಗಿಂತ ಮೊದಲು ತುಟಿ

ತೆಲಂಗಾಣದ ಮಕ್ತಲ್, ಗದ್ವಾಲದ ಬೀದಿಗಳಲ್ಲಿ ಮದುವೆ ಮೆರವಣಿಗೆ ಹೊರಟರೆ ಮದುಮಗ ಕಣ್ಣಿಗೆ ಬೀಳುವ ಮುಂಚೆಯೇ ಟ್ರಂಪೆಟ್ ಕಿವಿಗೆ ಬೀಳುತ್ತದೆ. ಡ್ರಮ್ಮುಗಳ ಅಬ್ಬರದ ಮೇಲೆ ಹಾಡಿನ ಪಲ್ಲವಿಯನ್ನು ಎತ್ತಿ ಹಿಡಿಯುವ ವಾದ್ಯ ಅದು. 1956ರವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ನಾರಾಯಣಪೇಟೆ, ಮಕ್ತಲ್ ಸೀಮೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮಾತು. ಹಾಗಾಗಿ ಇಲ್ಲಿ ಬ್ಯಾಂಡ್ ಬಾರಿಸುವವರಿಗೆ ತೆಲುಗು, ಕನ್ನಡ, ಹಿಂದಿ ಮೂರೂ ಭಾಷೆಯ ಹಾಡು ಬರಬೇಕು. ಇಷ್ಟು ವಿದ್ಯೆ ಬೇಡುವ ವಾದ್ಯವನ್ನು ನಾವು ಮೆರವಣಿಗೆ ಮುಗಿದೊಡನೆ ಮರೆತುಬಿಡುತ್ತೇವೆ. ಹಾರ್ಮೋನಿಯಂ, ತಬಲಾ ಕಲಿಯಲು ಮಕ್ಕಳನ್ನು ಕಳಿಸುವ ತಂದೆತಾಯಿ ಟ್ರಂಪೆಟ್‌ಗೂ ಕಳಿಸಬೇಕೆಂಬುದು ನನ್ನ ಆಸೆ.

ಸುಮಾರು ಒಂದೂವರೆ ಮೀಟರ್ ಉದ್ದದ ಹಿತ್ತಾಳೆ ಕೊಳವೆಯನ್ನು ಸುತ್ತಿ ಮಡಿಚಿದರೆ ಟ್ರಂಪೆಟ್. ನಮ್ಮ ಕೊಂಬು, ಕಹಳೆಗಳಂತೆ ಹಿಂದೆ ಅದಕ್ಕೂ ಗುಂಡಿಗಳಿರಲಿಲ್ಲ. ಕೆಲವೇ ಸ್ವರ ಹೊರಡುತ್ತಿದ್ದವು. ಜರ್ಮನಿಯ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ 1818ರಲ್ಲಿ ಗುಂಡಿ ಒತ್ತಿ ನಡೆಸುವ ವಾಲ್ವ್‌ಗೆ ಪೇಟೆಂಟ್ ಪಡೆದರು. ಮುಂದೆ ಎಲ್ಲ ಸ್ವರಗಳಿಗೂ ದಾರಿಯಾಯಿತು. ನಮ್ಮ ದೇಶದಲ್ಲಿ ಬ್ಯಾಂಡ್ ವಾದ್ಯಗಳ ತವರು ಮೇರಠ್. 1885ರಲ್ಲಿ ಶುರುವಾದ ನಾದಿರ್ ಅಲಿ ಕಂಪನಿ ಅಲ್ಲಿಯದೇ.

ಕಲಿಯಲು ಕೂತವರು ಮೊದಲು ಗುಂಡಿಗಳನ್ನು ಮರೆಯಬೇಕು. ಬರೀ ಗಾಳಿ ಊದಿದರೆ ಟ್ರಂಪೆಟ್ ನುಡಿಯದು. ತುಟಿಗಳನ್ನು ಮೆಲ್ಲಗೆ ಮುಚ್ಚಿ, ಹೊಟ್ಟೆಯಿಂದ ಉಸಿರು ತಂದು, ದುಂಬಿ ಗುಂಯ್‌ಗುಟ್ಟುವಂತೆ ತುಟಿಯನ್ನು ನಡುಗಿಸಬೇಕು. ಮೊದಲ ದಿನಗಳಲ್ಲಿ ಮೌತ್‌ಪೀಸ್ ಒಂದನ್ನೇ ಹಿಡಿದು ಇದನ್ನು ಸಾಧಿಸುವುದು ಒಳ್ಳೆಯದು. ಕೆನ್ನೆ ಉಬ್ಬಿಸಬಾರದು. ಮೇಲಿನ ಸ್ವರ ಸಿಗಲಿಲ್ಲವೆಂದು ವಾದ್ಯವನ್ನು ತುಟಿಗೆ ಒತ್ತಿಹಿಡಿಯುವುದು ಎಲ್ಲ ಹೊಸಬರಿಗೂ ಅಂಟುವ ಚಾಳಿ. ಒತ್ತಿದಷ್ಟೂ ತುಟಿ ಮರಗಟ್ಟುತ್ತದೆ. ಎಷ್ಟು ಹೊತ್ತು ನುಡಿಸಿದಿರೋ ಅಷ್ಟು ಹೊತ್ತು ವಿಶ್ರಾಂತಿ ಕೊಡಿ. ದಿನಕ್ಕೆ ಎರಡು ಸಲ ಹತ್ತು ಹದಿನೈದು ನಿಮಿಷ ಕೂತರೆ ಶುರುವಿಗೆ ಸಾಕು, ಆದರೆ ದಿನ ತಪ್ಪಬಾರದು.

ಸಾಮಾನ್ಯ ಟ್ರಂಪೆಟ್‌ನ ಷಡ್ಜ, ಭಜನೆ ಹಾರ್ಮೋನಿಯಂನವರ ಮಾತಿನಲ್ಲಿ ಹೇಳುವುದಾದರೆ, ಕರಿ ಐದು. ಯಾವ ಗುಂಡಿಯನ್ನೂ ಒತ್ತದೆ ಸಾ, ಪ, ಮೇಲಿನ ಸಾ ಮೂರೂ ಬರುತ್ತವೆ. ಬದಲಾಗುವುದು ತುಟಿಯ ಬಿಗಿ ಮತ್ತು ಉಸಿರಿನ ವೇಗ ಮಾತ್ರ. ಎರಡನೆಯ ಗುಂಡಿ ಶ್ರುತಿಯನ್ನು ಅರ್ಧ ಸ್ವರದಷ್ಟು ಇಳಿಸುತ್ತದೆ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ. ಶುದ್ಧ ಸ್ವರಗಳ ಬಿಲಾವಲ್ ಹತ್ತುವಾಗ ರಿಗೆ 1-3 (ಒಂದು, ಮೂರನೆಯ ಗುಂಡಿ ಒಟ್ಟಿಗೆ), ಗಕ್ಕೆ 1-2, ಮಕ್ಕೆ 1, ಪ ಖಾಲಿ, ಧಕ್ಕೆ ಮತ್ತೆ 1-2, ನಿಗೆ 2. ಗಾಂಧಾರಕ್ಕೂ ಧೈವತಕ್ಕೂ ಬೆರಳು ಒಂದೇ! ಎರಡನ್ನೂ ಬೇರ್ಪಡಿಸುವುದು ಕಿವಿ ಮತ್ತು ತುಟಿ. ಅದಕ್ಕೇ ಊದುವ ಮೊದಲು ಸ್ವರವನ್ನು ಬಾಯಲ್ಲಿ ಹಾಡಿಕೊಳ್ಳಿ. ಬ್ಯಾಂಡ್‌ನವರು ಕೇಳಿಯೇ ಕಲಿಯುವುದನ್ನು ಕೀಳಾಗಿ ಕಾಣುವವರಿಗೆ ಈ ವಾದ್ಯದ ಮರ್ಮ ತಿಳಿದಿಲ್ಲ.

ಬ್ಯಾಂಡ್ ವಾದ್ಯ ಮೆರವಣಿಗೆಗೆ ಮಾತ್ರವಲ್ಲ. ಮೈಸೂರು ಅರಮನೆ ಬ್ಯಾಂಡ್‌ನ ಸ್ಯಾಕ್ಸೊಫೋನ್‌ಗೆ ಮನಸೋತ ಕದ್ರಿ ಗೋಪಾಲನಾಥ್ (1949–2019) ಅದೇ ವಾದ್ಯವನ್ನು ಕರ್ನಾಟಕ ಸಂಗೀತದ ಕಛೇರಿಗೆ ತಂದರು. ಟ್ರಂಪೆಟ್‌ನಲ್ಲಿ ಗಮಕ ಇನ್ನೂ ಕಷ್ಟ, ಗುಂಡಿಯನ್ನು ಅರೆ ಒತ್ತಿ ತುಟಿಯಿಂದ ಜಾರಿಸಬೇಕು. ಆಗದ ಕೆಲಸವೇನಲ್ಲ.

ನಮ್ಮ ಸೀಮೆಯ ಬಿಸಿಲಿನ ಮಾತೂ ಹೇಳಬೇಕು. ಗಾಳಿ ಕಾದಷ್ಟೂ ಶ್ರುತಿ ಏರುತ್ತದೆ. ಆಗ ಶ್ರುತಿ ಹೊಂದಿಸುವ ಟ್ಯೂನಿಂಗ್ ಸ್ಲೈಡ್ ಅನ್ನು ಸ್ವಲ್ಪ ಹೊರಗೆಳೆಯಬೇಕು. ವಾಲ್ವ್‌ಗೆ ಎಣ್ಣೆ ಒಣಗಲು ಬಿಡಬೇಡಿ. ಆಗಾಗ ಉಗುರುಬೆಚ್ಚಗಿನ ನೀರಲ್ಲಿ ಕೊಳವೆ ತೊಳೆಯಿರಿ. ಹಳೆಯ ವಾದ್ಯ ಕೊಳ್ಳುವಾಗ ಮೂರೂ ಗುಂಡಿ ಒತ್ತಿ ಬಿಟ್ಟು ನೋಡಿ. ತಡವರಿಸದೆ ಮೇಲೆ ಬರಬೇಕು.

ಗುರು ಎಲ್ಲಿ ಸಿಗುತ್ತಾರೆಂದು ಹುಡುಕಾಡಬೇಕಿಲ್ಲ, ಊರಿನ ಬ್ಯಾಂಡ್‌ನಲ್ಲೇ ಇದ್ದಾರೆ. ಲಗ್ನದ ದಿನಗಳಲ್ಲಿ ಅವರಿಗೆ ಪುರುಸೊತ್ತಿರುವುದಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಕೈಗೆ ದುಡಿಮೆಯೂ ಕಡಿಮೆ. ಆಗ ಹೋಗಿ ಕೇಳಿ. ಪಾಠಕ್ಕೆ ಕೂರುವ ಮೊದಲೇ ಗುರುದಕ್ಷಿಣೆ ಮಾತಾಡಿ, ತಿಂಗಳಿಗೆ ಸರಿಯಾಗಿ ಕೊಡಿ.