ವಿದ್ಯುತ್ ಕಾರಿನ ಒಡೆತನ: ಕೆಲವು ತಪ್ಪು ಕಲ್ಪನೆಗಳು

ಯಂತ್ರವೊಂದು ಜನಬಳಕೆಗೆ ಬರುವಾಗ ಅದನ್ನು ಕುರಿತ ಅತಿಭಯವೂ ಅತಿವಿಶ್ವಾಸವೂ ಜೊತೆಜೊತೆಯಾಗಿಯೇ ಹಬ್ಬುವುದುಂಟು. ವಿದ್ಯುತ್ ಕಾರಿನ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಮಧ್ಯಮವರ್ಗದ ಸಂಸಾರವೊಂದಕ್ಕೆ ಮನೆಯ ತರುವಾಯ ಕಾರೇ ದೊಡ್ಡ ವೆಚ್ಚವಾದುದರಿಂದ, ಪ್ರಚಲಿತವಾಗಿರುವ ಮೂರು ನಂಬಿಕೆಗಳನ್ನು ಲೆಕ್ಕಾಚಾರದ ಒರೆಗೆ ಹಚ್ಚಿ ನೋಡುವುದು ಉಚಿತ.

ಮೊದಲನೆಯದು, ಬ್ಯಾಟರಿಯು ಮೂರು ನಾಲ್ಕು ವರ್ಷಗಳಲ್ಲಿಯೇ ನಿರುಪಯುಕ್ತವಾಗುತ್ತದೆ ಎಂಬುದು. ಇದು ಸೀಸ-ಆಮ್ಲದ ಬ್ಯಾಟರಿಗಳ ಕಾಲದಿಂದ ಉಳಿದುಬಂದ ಅಭಿಪ್ರಾಯ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ‘ರೇವಾ’ ಕಾರಿನಲ್ಲಿ ಇದ್ದುದು ಅಂತಹ ಬ್ಯಾಟರಿಯೇ. ಇಂದಿನ ಕಾರುಗಳಲ್ಲಿರುವುದು, 1991ರಲ್ಲಿ ಮೊದಲು ವಾಣಿಜ್ಯರೂಪ ತಳೆದ ಲಿಥಿಯಂ-ಅಯಾನ್ ಬ್ಯಾಟರಿ. ಅನೇಕ ತಯಾರಕರು ಇದಕ್ಕೆ 8 ವರ್ಷ ಅಥವಾ 1,60,000 ಕಿಲೋಮೀಟರುಗಳ ಖಾತರಿ ನೀಡುತ್ತಾರೆ. ಇದು ಥಟ್ಟನೆ ನಿಂತುಹೋಗುವಂಥದಲ್ಲ. ಇದರ ಧಾರಣಶಕ್ತಿ ವರ್ಷಗಳು ಕಳೆದಂತೆ ಮೆಲ್ಲನೆ ಕುಗ್ಗುತ್ತದೆ. ಅತಿಯಾದ ಶಾಖವೂ ಪದೇ ಪದೇ ಮಾಡುವ ಶೀಘ್ರ ಚಾರ್ಜಿಂಗೂ ಈ ಕುಗ್ಗುವಿಕೆಯನ್ನು ತ್ವರೆಗೊಳಿಸಬಲ್ಲವು.

ಎರಡನೆಯದು, ಬೀದಿಬೀದಿಗೂ ಚಾರ್ಜಿಂಗ್ ಕೇಂದ್ರಗಳಾಗದ ಹೊರತು ಇಂತಹ ಕಾರನ್ನು ಇಟ್ಟುಕೊಳ್ಳಲಾಗದು ಎಂಬುದು. ಸಣ್ಣ ಕಾರೊಂದು 100 ಕಿಲೋಮೀಟರಿಗೆ ಸುಮಾರು 15 ಯೂನಿಟ್ ವಿದ್ಯುತ್ತನ್ನು ಬಳಸುತ್ತದೆಂದು ಇಟ್ಟುಕೊಳ್ಳೋಣ. ದಿನಕ್ಕೆ 40 ಕಿಲೋಮೀಟರು ಸಂಚರಿಸುವವನಿಗೆ 6 ಯೂನಿಟ್ ಸಾಕು. 230 ವೋಲ್ಟಿನಲ್ಲಿ 15 ಆಂಪಿಯರ್ ಒದಗಿಸುವ ಮನೆಯ ಸಾಕೆಟ್ಟಿನಿಂದ ಗಂಟೆಗೆ ಸುಮಾರು ಮೂರು ಯೂನಿಟ್ ಪಡೆಯಬಹುದಾದುದರಿಂದ, ರಾತ್ರಿಯ ಎರಡು ಮೂರು ಗಂಟೆಗಳಲ್ಲಿ ದಿನದ ಕೊರತೆ ತುಂಬುತ್ತದೆ. ದೂರಪ್ರಯಾಣಕ್ಕೆ ದಾರಿಯ ಕೇಂದ್ರಗಳು ಬೇಕೆಂಬುದು ನಿಜ. ಆದರೆ ನಿತ್ಯಜೀವನದಲ್ಲಿ ಮುಖ್ಯವಾದುದು ಕಾರು ನಿಲ್ಲುವ ಸ್ಥಳದಲ್ಲಿರುವ ಸಾಕೆಟ್ಟು. ಸ್ವಂತ ಮನೆಯುಳ್ಳವರಿಗೆ ಇದು ಸುಲಭ. ಬಾಡಿಗೆ ಮನೆಯಲ್ಲಿದ್ದು ಬೀದಿಯಲ್ಲಿ ಕಾರು ನಿಲ್ಲಿಸುವವರಿಗೆ ಇದು ದುರ್ಲಭ. ನಿಜವಾದ ತೊಡಕು ಇರುವುದು ಇಲ್ಲಿಯೇ; ಸಾಮಾನ್ಯವಾಗಿ ಚರ್ಚೆಗೆ ಬಾರದಿರುವುದೂ ಇದೇ.

ಮೂರನೆಯದು ವಿರುದ್ಧ ದಿಕ್ಕಿನ ಭ್ರಮೆ: ಹೊಗೆಯಿಲ್ಲದ ಕಾರಿನಿಂದ ಮಾಲಿನ್ಯವೇ ಇಲ್ಲವೆಂಬುದು. ಭಾರತದ ವಿದ್ಯುತ್ತಿನ ಬಹುಭಾಗ ಕಲ್ಲಿದ್ದಲಿನಿಂದ ಬರುತ್ತದೆ. ಒಂದು ಯೂನಿಟ್ಟಿಗೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಸಾಗಣೆಯ ಮತ್ತು ಚಾರ್ಜಿಂಗಿನ ನಷ್ಟವನ್ನೂ ಸೇರಿಸಿ 100 ಕಿಲೋಮೀಟರಿಗೆ 18 ಯೂನಿಟ್ ಎಂದು ಹಿಡಿದರೆ ಇದು 12.6 ಕಿಲೋಗ್ರಾಂ ಆಗುತ್ತದೆ. ಲೀಟರಿಗೆ 16 ಕಿಲೋಮೀಟರು ಓಡುವ ಪೆಟ್ರೋಲ್ ಕಾರು ಅದೇ ದೂರಕ್ಕೆ ಆರೂಕಾಲು ಲೀಟರು ಉರಿಸಿ 14.4 ಕಿಲೋಗ್ರಾಮಿನಷ್ಟನ್ನು ಹೊರಬಿಡುತ್ತದೆ. ಪೆಟ್ರೋಲನ್ನು ತೆಗೆದು ಶುದ್ಧೀಕರಿಸುವಾಗಿನ ಮಾಲಿನ್ಯ ಇದಕ್ಕೆ ಹೊರತು. ಬ್ಯಾಟರಿಯ ತಯಾರಿಕೆಯಲ್ಲಾಗುವ ಮಾಲಿನ್ಯ ವಿದ್ಯುತ್ ಕಾರಿನ ಲೆಕ್ಕಕ್ಕೆ ಸೇರತಕ್ಕದ್ದು. ಆದುದರಿಂದ ನಗರದ ಬೀದಿಯಲ್ಲಿ ಹೊಗೆ ತಗ್ಗುವುದು ನಿಶ್ಚಯವಾದರೂ, ಇಂಗಾಲದ ಲೆಕ್ಕದಲ್ಲಿ ಇಂದಿನ ಉಳಿತಾಯ ಮಿತವಾದುದು. ಆದರೆ ಇಲ್ಲಿ ಗಮನಿಸಬೇಕಾದ ಒಂದು ಭೇದವುಂಟು. ತುಮಕೂರು ಜಿಲ್ಲೆಯ ಪಾವಗಡದಲ್ಲಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಸ್ಥಾವರದಂತಹವು ಹೆಚ್ಚಿದಷ್ಟೂ, ಈಗಾಗಲೇ ಕೊಂಡ ವಿದ್ಯುತ್ ಕಾರಿನ ಮಾಲಿನ್ಯವೂ ತಾನಾಗಿ ಇಳಿಯುತ್ತದೆ. ಪೆಟ್ರೋಲನ್ನೇ ಉರಿಸುವ ಕಾರಿಗೆ ಈ ಅನುಕೂಲವಿಲ್ಲ.

ಈ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ವಿದ್ಯುತ್ ಕಾರಿನ ಗುಣದೋಷಗಳು ಕಾರೊಂದರಲ್ಲಿಯೇ ಅಡಗಿಲ್ಲ. ಅದು ಎಲ್ಲಿ ನಿಲ್ಲುತ್ತದೆ, ದಿನಕ್ಕೆ ಎಷ್ಟು ಓಡುತ್ತದೆ, ಅದರ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂಬುವನ್ನು ಅವಲಂಬಿಸಿವೆ. ಮೊದಲೆರಡಕ್ಕೆ ಕೊಳ್ಳುವವನೇ ಉತ್ತರ ಕಂಡುಕೊಳ್ಳಬಲ್ಲನು. ಮೂರನೆಯದಕ್ಕೆ ಉತ್ತರ ಕೊಡಬೇಕಾದುದು ಇಡೀ ನಾಡು.