ಅಪ್ರೆಂಟಿಸ್‌ಗೆ ಸಿಗಬೇಕಾದ ಸ್ಟೈಪೆಂಡ್ ಎಷ್ಟು, ಕೊಡುವವರು ಯಾರು?

ಐಟಿಐ ಮುಗಿಸಿದ ಹುಡುಗ ಪೀಣ್ಯದ ಕಾರ್ಖಾನೆಯೊಂದಕ್ಕೆ ಸೇರಿದ ಎಂದರೆ ಮನೆಯವರು ಮೊದಲು ಕೇಳುವುದು ‘ಎಷ್ಟು ಕೊಡ್ತಾರಂತೆ?’ ಎಂದು. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಅವನು ಅಪ್ರೆಂಟಿಸ್ ಕಾಯ್ದೆಯಡಿ ಸೇರಿದ್ದಾನೋ, ಇಲ್ಲಾ ಕಂಪನಿಯೇ ‘ಟ್ರೈನಿ’ ಎಂದು ಹೆಸರಿಟ್ಟು ಸೇರಿಸಿಕೊಂಡಿದೆಯೋ? ನೋಡುವವರಿಗೆ ಎರಡೂ ಒಂದೇ. ಅದೇ ಯೂನಿಫಾರಂ, ಅದೇ ಶಿಫ್ಟ್, ಅದೇ ಲೇತ್ ಮೆಷಿನ್. ಆದರೆ ತಿಂಗಳ ಹಣ ತಡವಾದಾಗ, ಕೈಗೆ ಪೆಟ್ಟಾದಾಗ ಯಾರ ಬಾಗಿಲು ತಟ್ಟಬೇಕು ಎನ್ನುವುದು ಈ ಒಂದು ಉತ್ತರದ ಮೇಲೆ ನಿಂತಿರುತ್ತದೆ.

1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಒಟ್ಟು ಬಲದ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನ ಇರುವ ಕಡೆ ಅದು ಸಂಸ್ಥೆಯ ಇಚ್ಛೆ. ಸೇರುವಾಗ ಲಿಖಿತ ಒಪ್ಪಂದ ಆಗಬೇಕು. ಹುಡುಗನಿಗೋ ಹುಡುಗಿಗೋ 18 ತುಂಬಿಲ್ಲದಿದ್ದರೆ ಪೋಷಕರು ಸಹಿ ಹಾಕಬೇಕು. ಆ ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. ನೋಂದಣಿ ಸಂಖ್ಯೆ ಕೈಯಲ್ಲಿದ್ದರೆ ಮಾತ್ರ ಮುಂದೆ ಹೇಳುವ ಹಕ್ಕುಗಳೆಲ್ಲ ನಿಮ್ಮವು.

ಈಗ ಮೊತ್ತದ ವಿಷಯ. 2019ರ ತಿದ್ದುಪಡಿ ನಿಯಮಗಳು ತಿಂಗಳ ಕನಿಷ್ಠ ಶಿಷ್ಯವೇತನವನ್ನು ಓದಿನ ಆಧಾರದ ಮೇಲೆ ಗೊತ್ತುಮಾಡಿದವು. 5ರಿಂದ 9ನೇ ತರಗತಿವರೆಗೆ ಓದಿದವರಿಗೆ 5,000 ರೂಪಾಯಿ, ಎಸ್ಸೆಸ್ಸೆಲ್ಸಿ ಆದವರಿಗೆ 6,000, ಪಿಯುಸಿ ಅಥವಾ ಐಟಿಐ ಆದವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ಎರಡನೇ ವರ್ಷ ಈ ದರ ಶೇ. 10ರಷ್ಟು ಏರಬೇಕು, ತರಬೇತಿ ಮೂರನೇ ವರ್ಷಕ್ಕೂ ಹೋದರೆ ಶೇ. 15ರ ಏರಿಕೆ. ಅಂದರೆ ಫಿಟ್ಟರ್ ಟ್ರೇಡಿನ ಹುಡುಗನಿಗೆ ಎರಡನೇ ವರ್ಷ 7,700 ರೂಪಾಯಿಗೆ ಕಡಿಮೆ ಕೊಡುವಂತಿಲ್ಲ. ಇವೆಲ್ಲ ಕನಿಷ್ಠ ದರಗಳು. ಹೆಚ್ಚು ಕೊಡಲು ಯಾರ ಅಡ್ಡಿಯೂ ಇಲ್ಲ, ಕೊಡುವ ಕಂಪನಿಗಳೂ ಇವೆ. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಈ ದರಗಳನ್ನು ಶೇ. 36ರಷ್ಟು ಏರಿಸಿ 6,800ರಿಂದ 12,300 ರೂಪಾಯಿವರೆಗೆ ಮಾಡಬೇಕೆಂದು ಶಿಫಾರಸು ಮಾಡಿತು. ಆದ್ದರಿಂದ ಸಹಿ ಹಾಕುವ ದಿನ ಜಾರಿಯಲ್ಲಿರುವ ದರ ಯಾವುದೆಂದು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಹೆಚ್ಚಿನ ಗೊಂದಲ ಹುಟ್ಟುವುದು ಹಣ ಎರಡು ಕಡೆಯಿಂದ ಬರುವುದರಿಂದ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಕನಿಷ್ಠ ಸ್ಟೈಪೆಂಡಿನ ಶೇ. 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಭರಿಸುತ್ತದೆ. 7,000ದಲ್ಲಿ ಕಾಲು ಭಾಗ 1,750 ಆದರೂ ಸರ್ಕಾರದಿಂದ ಬರುವುದು 1,500 ಮಾತ್ರ. ಕಂಪನಿ ಹಾಕುವುದು 5,500. ಮೊದಲು ಪೂರ್ತಿ ಹಣ ಕಂಪನಿಯೇ ಕೊಟ್ಟು ಸರ್ಕಾರದಿಂದ ಆಮೇಲೆ ವಸೂಲಿ ಮಾಡಿಕೊಳ್ಳುತ್ತಿತ್ತು. ಈಗ ಸರ್ಕಾರದ ಪಾಲು ನೇರವಾಗಿ ಅಪ್ರೆಂಟಿಸ್ ಖಾತೆಗೆ ಜಮೆಯಾಗುತ್ತದೆ. ಯಾವ ಖಾತೆಗೆ? ಆಧಾರ್ ಜೋಡಣೆಯಾಗಿರುವ ಖಾತೆಗೆ. ಸ್ಕಾಲರ್‌ಶಿಪ್‌ಗಾಗಿ ಹೈಸ್ಕೂಲಿನಲ್ಲಿದ್ದಾಗ ಊರಿನ ಬ್ಯಾಂಕಿನಲ್ಲಿ ತೆರೆದ ಖಾತೆಗೇ ಆಧಾರ್ ಜೋಡಣೆ ಉಳಿದಿದ್ದರೆ 1,500 ಅಲ್ಲಿಗೆ ಹೋಗುತ್ತದೆ, 5,500 ಬೆಂಗಳೂರಿನ ಹೊಸ ಖಾತೆಗೆ ಬರುತ್ತದೆ. ಕಂಪನಿ ಕಡಿತ ಮಾಡಿದೆ ಎಂದು ಜಗಳಕ್ಕೆ ಹೋಗುವ ಮೊದಲು ಊರಿನ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಬೇಕು.

ಡಿಪ್ಲೊಮಾ ಮತ್ತು ಪದವೀಧರರಿಗೆ ಶಿಕ್ಷಣ ಸಚಿವಾಲಯದ ಬೇರೆ ಯೋಜನೆಯಿದೆ, ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ. ಇದರಲ್ಲಿ ಕನಿಷ್ಠ ದರದ ಅರ್ಧ ಕೇಂದ್ರದ್ದು: ಡಿಪ್ಲೊಮಾದವರಿಗೆ 4,000, ಪದವೀಧರರಿಗೆ 4,500. ಎಂಜಿನಿಯರಿಂಗ್ ಓದಿದವರಷ್ಟೇ ಅಲ್ಲ, ಬಿಎ, ಬಿಕಾಂ ಮಾಡಿದವರೂ ಸೇರಬಹುದು. ಎಷ್ಟೋ ಪದವಿ ಕಾಲೇಜುಗಳಲ್ಲಿ ಇದನ್ನು ಹೇಳುವವರೇ ಇಲ್ಲ ಎನ್ನುವುದು ಬೇಸರದ ಸಂಗತಿ.

ಒಂದು ತಿಂಗಳ ಸ್ಟೈಪೆಂಡ್ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಸಿಗಬೇಕು. ಸಾಂದರ್ಭಿಕ ರಜೆಗೂ ವೈದ್ಯಕೀಯ ರಜೆಗೂ ಕಡಿತ ಮಾಡುವಂತಿಲ್ಲ. ಇಷ್ಟು ಪೀಸ್ ಮಾಡಿದರೆ ಇಷ್ಟು ಹಣ ಎಂದು ಪೀಸ್ ಲೆಕ್ಕದಲ್ಲಿ ಕೊಡುವುದನ್ನು ಕಾಯ್ದೆಯೇ ನಿಷೇಧಿಸಿದೆ. ಉತ್ಪಾದನೆ ಹೆಚ್ಚಿಸಿದರೆ ಬೋನಸ್ ಎಂಬ ಆಮಿಷಕ್ಕೂ ಅಪ್ರೆಂಟಿಸನ್ನು ಎಳೆಯುವಂತಿಲ್ಲ. ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಈ ಕಾಯ್ದೆಯಡಿ ಸರ್ಕಾರ ನೇಮಿಸುವ ಅಧಿಕಾರಿ) ಒಪ್ಪಿಗೆಯಿಲ್ಲದೆ ಓವರ್‌ಟೈಮ್ ಮಾಡಿಸಬಾರದು, ತರಬೇತಿಗೆ ಸಂಬಂಧವಿಲ್ಲದ ಕೆಲಸಕ್ಕೆ ಹಚ್ಚಬಾರದು. ಕಲಿಯುವ ಕೈ ಲೆಕ್ಕ ತುಂಬಿಸುವ ಆತುರಕ್ಕೆ ಬಿದ್ದರೆ ಕೆಲಸವೂ ಬರುವುದಿಲ್ಲ, ಬೆರಳಿಗೂ ಅಪಾಯ. ಕಾಯ್ದೆಯಲ್ಲಿ ನನಗೆ ಅತಿ ಮುಖ್ಯ ಅನಿಸುವ ಭಾಗ ಇದೇ.

ಸಿಗದೇ ಇರುವುದೂ ಇದೆ. ಕಾನೂನು ಅಪ್ರೆಂಟಿಸನ್ನು ಕಾರ್ಮಿಕ ಎಂದು ಪರಿಗಣಿಸುವುದಿಲ್ಲ. ಹಾಗಾಗಿ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಕನಿಷ್ಠ ವೇತನವೂ ಅನ್ವಯಿಸುವುದಿಲ್ಲ. ತರಬೇತಿ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕೆಂಬ ಕಡ್ಡಾಯವೂ ಇಲ್ಲ. ನೇಮಕಾತಿ ಆಯಾ ಸಂಸ್ಥೆಯ ನೀತಿಗೆ ಬಿಟ್ಟದ್ದು. ಆದರೆ ತರಬೇತಿಯ ವೇಳೆ ಪೆಟ್ಟಾದರೆ ಪರಿಹಾರ ಮಾಲೀಕರ ಹೊಣೆ. ಕಾರ್ಖಾನೆಯ ಸುರಕ್ಷತೆ, ಆರೋಗ್ಯದ ನಿಯಮಗಳು ಕಾರ್ಮಿಕರಿಗೆ ಇದ್ದಂತೆಯೇ ಇವರಿಗೂ ಇವೆ.

ಇನ್ನು ನೋಂದಣಿಯೇ ಇಲ್ಲದ ‘ಟ್ರೈನಿ’. ಕಾಯ್ದೆಯ ಹೊರಗಿನ ತರಬೇತಿಯವರಿಗೆ ಇಎಸ್‌ಐ ವಿನಾಯಿತಿ ಇಲ್ಲ. ವರ್ಷಗಟ್ಟಲೆ ಪೂರ್ತಿ ಶಿಫ್ಟ್ ಕೆಲಸ ಮಾಡಿಸಿಕೊಂಡು ‘ಇದು ಸ್ಟೈಪೆಂಡ್, ಸಂಬಳ ಅಲ್ಲ’ ಎನ್ನುವ ಮಾತು ಕಾರ್ಮಿಕ ಇಲಾಖೆಯ ಮುಂದೆ ಸುಲಭವಾಗಿ ನಿಲ್ಲುವುದಿಲ್ಲ. ಅಂಥ ಕಡೆ ಇರುವವರು ಆಫರ್ ಲೆಟರ್, ಹಾಜರಿಯ ದಾಖಲೆ, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನ ಮಾಡಲಿ.

ಒಪ್ಪಂದದ ಷರತ್ತುಗಳನ್ನು ಮಾಲೀಕರು ಪಾಲಿಸದೆ ತರಬೇತಿ ಮುರಿದುಬಿದ್ದರೆ ಕೊನೆಗೆ ಪಡೆದ ಮೂರು ತಿಂಗಳ ಸ್ಟೈಪೆಂಡಿನಷ್ಟು ಪರಿಹಾರ ಅಪ್ರೆಂಟಿಸ್‌ಗೆ ಸಲ್ಲಬೇಕು. ತಪ್ಪು ಅಪ್ರೆಂಟಿಸ್‌ದಾದರೆ ತರಬೇತಿಯ ಖರ್ಚು ಅವರ ಕಡೆಯಿಂದ ವಸೂಲಾಗಬಹುದು. ತಕರಾರು ಇದ್ದರೆ ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗೆ ಬರೆದುಕೊಡಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅಪ್ರೆಂಟಿಸ್‌ಶಿಪ್ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಇನ್ನೊಂದು ಎಚ್ಚರ: ಅಪ್ರೆಂಟಿಸ್ ವೇತನ ಪಡೆಯುತ್ತಿರುವವರು ರಾಜ್ಯದ ನಿರುದ್ಯೋಗ ಭತ್ಯೆ ಯೋಜನೆಯಾದ ಯುವನಿಧಿಗೆ ಅರ್ಹರಲ್ಲ. ಎರಡನ್ನೂ ಪಡೆಯಲು ಹೋಗಬೇಡಿ.

ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿ, ಊಟ ಮಾಡಿ, ಬಸ್ಸಿಗೆ ಕೊಟ್ಟು 7,000ದಲ್ಲಿ ತಿಂಗಳು ತಳ್ಳುವುದು ಸಾಧ್ಯವಿಲ್ಲ. ಬಹಳ ಮನೆಗಳು ಊರಿನಿಂದ ಹಣ ಕಳಿಸಿ ಮಗನನ್ನೋ ಮಗಳನ್ನೋ ತರಬೇತಿಯಲ್ಲಿ ಉಳಿಸಿಕೊಳ್ಳುತ್ತಿವೆ. ಬಡ ಮನೆಯ ಮಕ್ಕಳು ಅರ್ಧಕ್ಕೇ ಬಿಟ್ಟು ಡೆಲಿವರಿ ಕೆಲಸಕ್ಕೆ ಹೋಗುವುದಕ್ಕೆ ಆಸಕ್ತಿಯ ಕೊರತೆಗಿಂತ ಈ ಲೆಕ್ಕವೇ ಕಾರಣ. ಆದ್ದರಿಂದ ಮೊತ್ತದ ಜೊತೆಗೆ ಕ್ಯಾಂಟೀನ್ ಊಟ, ಕಂಪನಿ ಬಸ್, ಸೇಫ್ಟಿ ಶೂ ಕೊಡುತ್ತಾರೆಯೇ ಎಂದು ಸೇರುವ ಮೊದಲೇ ಕೇಳಿ. ಒಪ್ಪಂದದಲ್ಲಿ ಟ್ರೇಡ್ ಹೆಸರು, ಅವಧಿ, ತಿಂಗಳ ಮೊತ್ತ ಸರಿಯಾಗಿವೆಯೇ ಎಂದು ಓದಿ ನೋಡಿ, ಸಹಿಯಾದ ಪ್ರತಿಯೊಂದನ್ನು ಅಂದೇ ಪಡೆದುಕೊಳ್ಳಿ.